ಮಣ್ಣಿನ ಮೇಲೆ ಸುರಿದ ಉಪ್ಪು

ನಾಲ್ಕನೆಯ ಇಯತ್ತೆಯ ತನಕ ಮಾತ್ರ ನಾನು ಶಾಲೆಯ ನೆಲದ ಮೇಲೆ ಕುಳಿತವನು. ಮಿಕ್ಕ ಅಕ್ಷರವನ್ನೆಲ್ಲ ಹೊಲಗಳ ಗಡಿಗಲ್ಲುಗಳ ಬಳಿ ಕಲಿತೆ. ಭೂಮಿ ಅಳೆಯುವ ಮೋಜಣಿದಾರರ ಹಿಂದೆ ಸರಪಳಿ ಎಳೆಯುವುದು ನನ್ನ ಕೆಲಸವಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ನನ್ನ ಸರಪಳಿ ಬೀಳದ ಊರು ವಿರಳ. ಮಧ್ಯಾಹ್ನ ಊಟದ ಹೊತ್ತಿಗೆ ಸಾಹೇಬರು ಊರಿನ ಯಾರಾದರೂ ದೊಡ್ಡವರ ಮನೆಗೆ ಹೋಗುತ್ತಿದ್ದರು. ನಾನು ರೊಟ್ಟಿಯ ಗಂಟು ಹಿಡಿದು ಊರಿನ ರುದ್ರಭೂಮಿಗೆ ಹೋಗುತ್ತಿದ್ದೆ. ಇದರಲ್ಲಿ ವೈರಾಗ್ಯವೇನೂ ಇರಲಿಲ್ಲ. ನಮ್ಮ ಎರೆಯ ಸೀಮೆಯಲ್ಲಿ ಬೇಸಿಗೆಯ ಹನ್ನೆರಡು ಗಂಟೆಗೆ ನೆರಳು ಸಿಗುವ ಜಾಗ ಬಹುಮಟ್ಟಿಗೆ ಅದೊಂದೇ.

ಉಣ್ಣುತ್ತ ಕುಳಿತವನ ಕಣ್ಣು ಸುಮ್ಮನಿರುವುದಿಲ್ಲ. ಗಡಿಗಲ್ಲಿನ ಆಚೆ ತೊಗರಿ ಇದ್ದರೆ ತೊಗರಿಯೊಂದೇ, ಜೋಳವಿದ್ದರೆ ಜೋಳವೊಂದೇ. ಈಚೆ ಬಂದರೆ ನನಗೆ ಹೆಸರು ಗೊತ್ತಿಲ್ಲದ ಹುಲ್ಲು, ಬಳ್ಳಿ, ಕಂಟಿ. ನೇಗಿಲು ಹೋದ ಕಡೆಯೆಲ್ಲ ಬಿತ್ತಿದ್ದು ಮಾತ್ರ ಉಳಿದಿತ್ತು. ನೇಗಿಲು ಹೋಗದ ಈ ತುಂಡು ನೆಲದಲ್ಲಿ ಬಿತ್ತದೆ ಇದ್ದುದೆಲ್ಲ ಉಳಿದಿತ್ತು. ಕೆಲಸಕ್ಕೆ ಬಾರದ ಮೋಜಣಿ ಕಾಗದಗಳ ಹಿಂಬದಿಗೆ ಅವನ್ನು ಬರೆದಿಡತೊಡಗಿದೆ. ಹೆಸರನ್ನು ಕುರಿ ಕಾಯುವವರಿಂದ, ಗಿಡಮೂಲಿಕೆ ಕೊಡುವ ಮುದುಕಿಯರಿಂದ ಕೇಳಿಕೊಂಡೆ. ಮುಂದೆ ಪ್ರೌಢಶಾಲೆಯ ಮಾಸ್ತರರೊಬ್ಬರು ಭಾನುವಾರಕ್ಕೊಮ್ಮೆ ತಮ್ಮ ಮನೆಯಲ್ಲಿ ಕುಳಿತು ಸಸ್ಯಶಾಸ್ತ್ರದ ಪುಸ್ತಕ ಓದಲು ಅವಕಾಶ ಕೊಟ್ಟರು. ಪುಸ್ತಕ ಒಂದು ಹೇಳಿ ಕುರುಬ ಇನ್ನೊಂದು ಹೇಳಿದಾಗ ನಾನು ಇಬ್ಬರನ್ನೂ ನಂಬದೆ ಆ ಗಿಡ ಹೂ ಬಿಡುವ ತನಕ ಕಾಯುತ್ತಿದ್ದೆ. ಹೆಚ್ಚಿನ ಸಲ ಕುರುಬನದೇ ಸರಿಯಾಗಿರುತ್ತಿತ್ತು. ಯಾವಾಗಲೂ ಅಲ್ಲ.

ಇಂಡಿಯ ಕಡೆ ನಿಂಬೆಯ ತೋಟಗಳ ನಡುವೆ ಸಿಕ್ಕಿಕೊಂಡ ಒಂದು ಹಳೆಯ ರುದ್ರಭೂಮಿಯಲ್ಲಿ ಇಂಗಳಾರದ ಮುಳ್ಳುಗಿಡಗಳ ತೋಪೇ ಇತ್ತು. ಸುತ್ತಲಿನ ಹೊಲಗಳಲ್ಲಿ ಅದರ ಒಂದು ಸಸಿಯೂ ಇರಲಿಲ್ಲ. ಆಲಮೇಲದ ಸುತ್ತ ಭೀಮೆಯ ದಂಡೆಯ ತನಕ ಕಬ್ಬು. ಆದರೆ ಖಬರಸ್ಥಾನದ ಮೋಟುಗೋಡೆಯ ಒಳಗೆ ಕರಡದ ಹುಲ್ಲು ಮೊಣಕಾಲೆತ್ತರ ನಿಂತಿತ್ತು, ಅದರ ಬುಡದಲ್ಲಿ ಬುರಲಿ ಹಕ್ಕಿಗಳು ಮನೆಯ ಕೋಳಿಗಳ ಹಾಗೆ ನಿರ್ಭಯವಾಗಿ ಓಡಾಡುತ್ತಿದ್ದವು. ಗೋರಿಗಳ ತಲೆಯ ಕಡೆ ಹಚ್ಚಿದ ಸಬ್ಜಾ ಗಿಡದ ವಾಸನೆ ಬಿಸಿಲಿಗೆ ಏರುತ್ತಿತ್ತು. ಮುದ್ದೇಬಿಹಾಳದ ಕಲ್ಲುಭೂಮಿಯ ಗದ್ದುಗೆಗಳ ಸಂದಿಯಲ್ಲಿ ಮಂಗರವಳ್ಳಿ, ಲೋಳಸರ, ತುಪ್ಪ ಸವರಿದಂತೆ ಹೊಳೆಯುವ ಹಾವರಾಣಿ, ಗಂಟಲ ಚೀಲ ಬಿಚ್ಚಿ ನೀಲಿಯನ್ನು ತೋರಿಸಿ ಮುಚ್ಚುವ ಓತಿಕ್ಯಾತ. ಆ ನೀಲಿಯನ್ನು ಮೊದಲ ಸಲ ಕಂಡ ದಿನ ನಾನು ಸರಪಳಿಯ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡೆ.

ಇದೆಲ್ಲ ಹೇಗೆ ಉಳಿಯಿತು ಎಂದು ಕೇಳಿದರೆ ಊರವರ ಉತ್ತರ ಸಿದ್ಧವಾಗಿರುತ್ತಿತ್ತು: ಹೆಣದ ಸಾರಕ್ಕೆ ಗಿಡ ಸೊಕ್ಕಿ ಬೆಳೆಯುತ್ತವೆ. ನಾನು ಒಪ್ಪಲಿಲ್ಲ. ಯಾರೂ ಹೂಳದ ಅಂಚುಗಳಲ್ಲಿಯೂ ಬೇವು ಅಷ್ಟೇ ದಪ್ಪವಾಗಿತ್ತು. ನಿಜವಾದ ಕಾರಣ ನನಗೆ ಕಂಡದ್ದು ಒಂದು ರೂಢಿ. ರುದ್ರಭೂಮಿಗೆ ಒಯ್ದದ್ದನ್ನು, ಅಲ್ಲಿ ಬೆಳೆದದ್ದನ್ನು ಮನೆಗೆ ತರಬಾರದು. ಒಲೆಗೆ ಒಂದು ಕಡ್ಡಿ, ಬಾಯಿಗೆ ಒಂದು ಬಾರಿಹಣ್ಣು ಕೂಡ ಸಲ್ಲದು. ತಂತಿಯ ಬೇಲಿಯನ್ನು ಕಿತ್ತು ಮಾರುವ ಊರಿನಲ್ಲಿ ಅಂಜಿಕೆಯ ಬೇಲಿಯನ್ನು ಮಾತ್ರ ಯಾರೂ ಕಿತ್ತಿರಲಿಲ್ಲ. ಹಾಲಕ್ಕಿ ನುಡಿದರೆ ಸಾವು ಎಂಬುದನ್ನೂ ನಾನು ಒಪ್ಪಲಿಲ್ಲ. ಬೇವಿನ ಪೊಟರೆಯಲ್ಲಿನ ಹಾಲಕ್ಕಿ ದಿನಾಲೂ ನುಡಿಯುತ್ತದೆ. ದಿನಾಲೂ ಸಾಯುವಷ್ಟು ಜನ ನಮ್ಮ ಊರುಗಳಲ್ಲಿ ಇಲ್ಲ.

ಹಿರಿಯರು ಹೇಳಿದರು ಎಂಬ ಒಂದೇ ಕಾರಣಕ್ಕೆ ನಾನು ಯಾವುದನ್ನೂ ಒಪ್ಪಿದವನಲ್ಲ ಎಂದು ಮನೆಯವರ ಮುಂದೆ ಬಹಳ ವರ್ಷ ಹೇಳಿಕೊಂಡು ಬಂದೆ. ಆ ಮಾತು ಪೂರ್ತಿ ನಿಜವಲ್ಲವೆಂದು ತಿಳಿದದ್ದು ಮೂರು ವರ್ಷದ ಹಿಂದೆ, ನನ್ನ ಅಕ್ಕನ ಊರಿನಲ್ಲಿ.

ಅಕ್ಕನ ಊರು ಇಂಗಳೇಶ್ವರದಿಂದ ಒಂದು ಹರದಾರಿ ಆಚೆಗಿದೆ. ದಸರೆ ಕಳೆದ ಮೇಲೆ ಅವಳ ಗಂಡ, ನನ್ನ ಭಾವ, ತುಂಬಿದ ವಯಸ್ಸಿನಲ್ಲಿ, ಮಲಗಿದಲ್ಲಿಯೇ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ; ಆಳೆತ್ತರದ ಗುಂಡಿ ತೆಗೆದು, ಅದರ ಪಕ್ಕದ ಗೋಡೆಯಲ್ಲಿ ಗೂಡು ಕೊರೆದು, ಗೂಡಿನಲ್ಲಿ ಕುಳ್ಳಿರಿಸಿ, ವಿಭೂತಿ, ಪತ್ರಿ, ಉಪ್ಪು ಹಾಕಿ ಮಣ್ಣು ಮುಚ್ಚುತ್ತೇವೆ. ನಾನು ಎಲ್ಲಕ್ಕೂ ಮುಂದೆ ನಿಂತು ಮಾಡಿಸಿ, ತಾಳಿಕೋಟೆಯ ನನ್ನ ಮನೆಗೆ ಮರಳಿದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನ ಕುರಿ ಕಾಯುವವನೊಬ್ಬ ಬಂದು, ಹೊಸ ಮಣ್ಣನ್ನು ಯಾವುದೋ ಪ್ರಾಣಿ ತೋಡಿದೆ ಎಂದು ಅಕ್ಕನ ಮಗನಿಗೆ ಹೇಳಿದನಂತೆ. ಮಗ ತಾಯಿಗೆ ತಿಳಿಯದಂತೆ ಮುಚ್ಚಿಡಲು ನೋಡಿದ. ಮಧ್ಯಾಹ್ನದೊಳಗೆ ಹಿಟ್ಟಿನ ಗಿರಣಿಯಿಂದ ಸುದ್ದಿ ಮನೆಗೆ ಬಂತು. ಅದು ಹೆಣ ತಿನ್ನುವ ಬಿಜ್ಜು ಎಂದು ಒಬ್ಬರು, ಕ್ರಿಯೆಯಲ್ಲಿ ಏನೋ ಕಡಿಮೆಯಾಗಿದೆ ಎಂದು ಇನ್ನೊಬ್ಬರು. ಬಿಜ್ಜನ್ನು ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಕಂಡವರನ್ನು ಕಂಡವರು ಬಹಳ ಜನ ಇದ್ದರು. ಅಕ್ಕ ಅಂದಿನಿಂದ ರೊಟ್ಟಿಯ ತಾಟನ್ನು ಸರಿಸಿಟ್ಟಳು. ಚಹಾ, ಒಂದಿಷ್ಟು ಅಂಬಲಿ, ಅಷ್ಟೇ. ಆ ಮಗ, ನನ್ನ ಸೋದರಳಿಯ, ಫೋನು ಮಾಡಿ, ಮಾಮಾ, ನೀವು ಬಂದು ಹೇಳಿದರೆ ಕೇಳ್ತಾಳ ಬರ್ರಿ ಎಂದು ಕರೆಸಿಕೊಂಡ. ಶನಿವಾರ ಸಂಜೆ ನಾನು ಬಸ್ಸಿನಿಂದ ಇಳಿದೆ.

ಅಕ್ಕ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ನನಗಿಂತ ಏಳು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಗುಂಡಿ ಎಷ್ಟು ಆಳ, ಗೂಡು ಎಲ್ಲಿ, ಮೇಲಿನಿಂದ ತೋಡಿದ ಪ್ರಾಣಿ ಅಲ್ಲಿಗೆ ಹೇಗೆ ಮುಟ್ಟಲಾರದು ಎಂದು ನಾನು ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ವಿವರಿಸಿದೆ. ಅವಳು ಗೆರೆಯನ್ನು ನೋಡಲಿಲ್ಲ.

"ಅದು ಅವರನ್ನ ಮುಟ್ಟೈತೋ ಇಲ್ಲೋ, ಅಷ್ಟ ಹೇಳು ತಮ್ಮಾ."

"ಮುಟ್ಟಿಲ್ಲಕ್ಕಾ."

"ನೀ ನೋಡೀಯೇನು?"

ನೋಡಿರಲಿಲ್ಲ. ಬಸ್ಸಿನಿಂದ ನೆಟ್ಟಗೆ ಮನೆಗೇ ಬಂದಿದ್ದೆ.

"ಜಗತ್ತಿನಾಗ ನೀ ಯಾರ ಮಾತೂ ನಂಬಾವಲ್ಲ," ಎಂದಳು ಅವಳು ಸಿಟ್ಟಿಲ್ಲದೆ. "ಮತ್ತ ನಿನ್ನ ಮಾತು ನಾ ಯಾಕ ನಂಬಲಿ?"

ಇಡೀ ಜೀವಮಾನ ನಾನು ಬೇರೆಯವರಿಗೆ ಹಾಕಿದ ಪ್ರಶ್ನೆಯನ್ನು ಅವಳು ನನಗೆ ಒಂದೇ ಸಲ ಹಾಕಿ ಮುಗಿಸಿದಳು. ನನಗೆ ನಂಬಿಕೆ ಬರಬೇಕಾದರೆ ಗುಂಡಿ ತೆಗೆದು ನೋಡಿರಿ ಎಂದೂ ಹೇಳಿದಳು. ಮನೆಯಲ್ಲಿದ್ದವರೆಲ್ಲ ಗಾಬರಿಯಾದರು. ಮುಚ್ಚಿದ ಗುಂಡಿಯನ್ನು ತೆಗೆಯುವುದು ನಮ್ಮಲ್ಲಿ ಯೋಚನೆಗೂ ಬಾರದ ಮಾತು.

ಅಳಿಯನ ಯೋಚನೆ ಬೇರೆಯಿತ್ತು. ರುದ್ರಭೂಮಿಯ ಪಡುವಣ ಅಂಚಿನಲ್ಲಿ ಒಂದು ದಟ್ಟ ಕಂಟಿಯಿದೆ. ಪ್ರಾಣಿ ಇರುವುದು ಅಲ್ಲಿಯೇ ಎಂದು ಎಲ್ಲರೂ ಹೇಳುತ್ತಿದ್ದರು. ಅದನ್ನು ಬುಡಸಹಿತ ಕೀಳಿಸಲು ಅವನು ಜೆಸಿಬಿಯವನಿಗೆ ಮಂಗಳವಾರ ಬರಲು ಹೇಳಿಬಿಟ್ಟಿದ್ದ. ಸೋಮವಾರ ಆ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಜೆಸಿಬಿಗೂ ಅದೇ ರಜೆಯನ್ನು ಕೊಟ್ಟಿದ್ದರು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಉಣ್ಣದ ತಾಯಿಯ ಮುಂದೆ ಮಗ ಏನನ್ನಾದರೂ ಮಾಡಲೇಬೇಕು. ಆದರೆ ನನಗೆ ಸಿಕ್ಕದ್ದು ಎರಡೇ ಮುಂಜಾವುಗಳು.

ಭಾನುವಾರ ಬೆಳಕು ಹರಿಯುತ್ತಲೇ ಹೋದೆ. ಆ ಊರಿನಲ್ಲಿ ನಮ್ಮವರಿಗೂ ಪಕ್ಕದ ಖಬರಸ್ಥಾನಕ್ಕೂ ಗುಂಡಿ ತೆಗೆಯುವವನು ಒಬ್ಬನೇ, ನನಗಿಂತ ತುಸು ಚಿಕ್ಕ ವಯಸ್ಸಿನ ಮುಸಲ್ಮಾನ. ಅಪ್ಪನ ಕಾಲದಿಂದ ಅದೇ ಕೆಲಸ. ನಾನು ಊರಿನ ಸೊಸೆಯ ತಮ್ಮನಾದ್ದರಿಂದ ಊರಿಗೆಲ್ಲ ಬೀಗ. ಬೀಗರನ್ನು ಚೇಷ್ಟೆ ಮಾಡುವ ಹಕ್ಕನ್ನು ಅವನು ಎಂದೂ ಬಿಟ್ಟುಕೊಟ್ಟವನಲ್ಲ.

"ಬರ್ರಿ ಬೀಗರ. ಸತ್ತವರನ್ನ ನೋಡಾಕ ಬಂದ್ರೋ, ಗಿಡಾ ಎಣಸಾಕ ಬಂದ್ರೋ?"

ಎರಡಕ್ಕೂ ಎಂದೆ.

"ಹಂಗಾದ್ರ ಗಿಡಾ ಮೊದಲ ಎಣಸ್ರಿ. ಅವರೇನು ಎದ್ದು ಹೋಗೂದಿಲ್ಲ."

ನಾನು ಮೊದಲು ಗುಂಡಿಯನ್ನೇ ನೋಡಿದೆ. ಮಣ್ಣಿನ ದಿಬ್ಬದ ಒಂದು ಮಗ್ಗುಲಿಗೆ ಕೊಡದ ಬಾಯಿಯಷ್ಟು ಅಗಲದ ತೂತು, ಓರೆಯಾಗಿ ಒಳಗೆ ಇಳಿದಿತ್ತು. ಬೇವಿನ ಕಡ್ಡಿ ಇಳಿಸಿ ಅಳತೆಯ ಟೇಪಿಗೆ ಹಿಡಿದರೆ ಒಂದು ಮೊಳಕ್ಕೆ ತುಸು ಹೆಚ್ಚು. ಅಷ್ಟಕ್ಕೇ ನಿಂತಿತ್ತು. ಗುಂಡಿ ತೆಗೆಯುವವನು ಬದಿಗೆ ಕುಕ್ಕರಗಾಲಿನಲ್ಲಿ ಕುಳಿತು, ತಾನು ಆಳೆತ್ತರಕ್ಕೂ ಮೇಲೆ ಒಂದು ಗೇಣು ತೆಗೆದಿದ್ದಾಗಿಯೂ, ಗೂಡು ಇರುವುದು ಎದುರು ಮಗ್ಗುಲಿಗೆಂದೂ, ಇದು ಸತ್ತವರ ಕಡೆ ಮುಖವನ್ನೇ ಮಾಡಿಲ್ಲವೆಂದೂ ಹೇಳಿದ. ಹಾಗಾದರೆ ಯಾವುದರ ಕಡೆ ಮುಖ ಮಾಡಿದೆ? ನಾನು ಅಂಗಿಯ ತೋಳು ಮಡಚಿ ಕೈ ಇಳಿಸಿದೆ. ಬೆರಳಿಗೆ ಬಿಳಿಯ ಹರಳು ಅಂಟಿಕೊಂಡು ಬಂದವು.

ಅವನು ನನ್ನ ಬೆರಳನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಬೀಗರ, ಇದು ಆ ದಿನ ನೀವು ಮ್ಯಾಲ ಹಾಕಸಿದ ಚೀಲದ್ದು."

ಅದು ಹೀಗಾಗಿತ್ತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ನಂಟರು ತಮ್ಮ ತಮ್ಮ ಊರಿನಿಂದ ಹರಳುಪ್ಪಿನ ಚೀಲ ತರುತ್ತಾರೆ. ಹತ್ತಿರದ ನಂಟ ಎಂದು ತೋರಿಸಿಕೊಳ್ಳಲು ಚೀಲದ ಗಾತ್ರವೂ ಒಂದು ಗುರುತು. ಆಲಮೇಲದಿಂದ ಬಂದ ನಂಟರ ಬಸ್ಸು ತಡವಾಗಿ, ಅವರ ಚೀಲ ಬರುವ ಹೊತ್ತಿಗೆ ಗುಂಡಿ ಬಹುತೇಕ ಮುಚ್ಚಿತ್ತು. ರುದ್ರಭೂಮಿಗೆ ತಂದ ಉಪ್ಪನ್ನು ಮನೆಗೆ ಒಯ್ಯುವಂತಿಲ್ಲ. ಬೇಲಿಯ ಕಡೆ ಸುರಿಯೋಣ ಎಂದು ಗುಂಡಿ ತೆಗೆಯುವವನು ಹೇಳಿದ. ನಾನು ತಡೆದೆ. ಮೇಲೆಯೇ ಸುರಿದು ನಾಲ್ಕು ಬುಟ್ಟಿ ಮಣ್ಣು ಎಳೆಯಿರಿ, ಉಪ್ಪು ಇದ್ದ ಕಡೆ ಪ್ರಾಣಿ ಬರುವುದಿಲ್ಲ ಎಂದು ಅಧಿಕಾರದ ದನಿಯಲ್ಲಿ ಹೇಳಿದೆ. ಯಾರು ಹೇಳಿದರು ಎಂದು ಅಂದು ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ನಮ್ಮಪ್ಪ ಹೇಳುತ್ತಿದ್ದ ಮಾತು ಅದು. ದುಃಖದ ದಿನ ಬಾಯಿಗೆ ತಾನಾಗಿ ಬಂದಿತ್ತು.

ಒಪ್ಪಿಕೊಳ್ಳಬೇಕಾದದ್ದು ಇನ್ನೂ ಇದೆ. ಬೆರಳಿಗೆ ಉಪ್ಪು ಹತ್ತಿದ ಮೇಲೆಯೂ ನಾನು ಸೋಲಲಿಲ್ಲ. ಉಪ್ಪು ಇದ್ದಲ್ಲಿ ತೂತು ಇದೆ ಎಂದ ಮಾತ್ರಕ್ಕೆ ಉಪ್ಪಿಗಾಗಿಯೇ ತೂತು ಎಂದು ಹೇಗೆ ಹೇಳುವುದು? ಸಡಿಲ ಮಣ್ಣನ್ನು ಯಾವ ಪ್ರಾಣಿಯಾದರೂ ಕೆದಕಬಹುದಲ್ಲ? ನಿಮ್ಮ ತಪ್ಪು ನಿಮ್ಮ ಕೈಗೆ ಅಂಟಿಕೊಂಡು ಬಂದಿದೆ, ಇನ್ನೂ ಸಾಕ್ಷಿ ಬೇಕೇ ಎಂದು ಅವನು ನಕ್ಕ. ಬೇಕು ಎಂದೆ. ಅಕ್ಕನಿಗಾಗಿ ಎಂದು ಹೇಳಿದೆ. ಬೇರೆ ಯಾರಾದರೂ ಅಪರಾಧಿ ಸಿಗಲಿ ಎಂಬ ಆಸೆಯೂ ಒಳಗಿತ್ತು.

ಆ ಹಗಲೆಲ್ಲ ನಾವಿಬ್ಬರೂ ಪಡುವಣ ಕಂಟಿಯ ಸುತ್ತ ಓಡಾಡಿದೆವು. ಇಪ್ಪತ್ತು ವರ್ಷದಿಂದ ಅಕ್ಕನ ಮನೆಗೆ ಬಂದಾಗೆಲ್ಲ ನಾನು ನೋಡುತ್ತ ಬಂದ ಜಾಗ ಅದು. ಕವಳಿ, ಬಾರಿ, ಲೆಕ್ಕಿಯ ಗಿಡಗಳು ಒಂದರ ಹೆಗಲಿಗೆ ಒಂದು ಕೈ ಹಾಕಿ ನಿಂತಿವೆ. ಅವುಗಳ ಮೇಲೆ ಗುಲಗಂಜಿಯ ಬಳ್ಳಿ ಹಬ್ಬಿ, ಒಡೆದ ಕಾಯಿಗಳ ಒಳಗಿನಿಂದ ಕೆಂಪು ಕಾಳು ಇಣುಕುತ್ತಿದ್ದವು. ನೆಲಕ್ಕೆ ಶತಾವರಿ, ತುಂಬಿ, ಉತ್ತರಾಣಿ. ನಡುವೆ ಒಂದು ಮುದಿ ಬನ್ನಿ, ಅದರ ಟೊಂಗೆಯಲ್ಲಿ ಕೋಲುಜೇನು. ಎರಡು ಕೌಜುಗಗಳು ನಮ್ಮನ್ನು ಕಂಡು ಬೈದು ಒಳಗೆ ನುಗ್ಗಿದವು. ಜೆಸಿಬಿಗೆ ಇದು ಅರ್ಧ ತಾಸಿನ ಕೆಲಸ ಎಂದು ನನ್ನ ಜೊತೆಗಾರ ಹೇಳಿದ. ಅವನ ದನಿಯಲ್ಲಿ ಚೇಷ್ಟೆ ಇರಲಿಲ್ಲ. ಕಂಟಿಯ ಬುಡದಲ್ಲಿ ಕಲ್ಲಿನ ಕೆಳಗೆ ಒಂದು ದೊಡ್ಡ ಬಿಲ ಸಿಕ್ಕಿತು. ಬಿಲದ ಬಾಯಿಗೆ ಕಾಡು ಉಳ್ಳಾಗಡ್ಡಿಯ ಸಿಪ್ಪೆ, ಎರಡು ಉದ್ದ ಹಲ್ಲುಗಳ ಗುರುತಿದ್ದ ಅರ್ಧ ತಿಂದ ಗಡ್ಡೆ. ಹೆಣ ತಿನ್ನುವ ಪ್ರಾಣಿ ಉಳ್ಳಾಗಡ್ಡಿ ಏಕೆ ತಿನ್ನುತ್ತದೆ ಎಂದು ನಾನು ಕೇಳಿದೆ. ಬಾಯಿರುಚಿಗೆ ಇರಬಹುದು ಎಂದು ಅವನು ಹೇಳಿದ.

ಸಂಜೆಯ ಹೊತ್ತಿಗೆ ಕಂಟಿಯಿಂದ ಸಮದೂರದಲ್ಲಿ ಮೆದು ಮಣ್ಣಿನ ಎರಡು ಸಣ್ಣ ಗುಡ್ಡೆ ಮಾಡಿದೆವು. ಎರಡೂ ಒಂದೇ ಗಾತ್ರ. ಒಂದರ ಒಳಗೆ ಒಂದು ಗೇಣು ಕೆಳಗೆ ನಾಲ್ಕು ಮುಷ್ಟಿ ಹರಳುಪ್ಪು. ಇನ್ನೊಂದರಲ್ಲಿ ಬರಿ ಮಣ್ಣು. ಸುತ್ತಲೂ ಹರಡಲು ನುಣ್ಣನೆಯ ಬೂದಿ ಬೇಕಿತ್ತು, ಹೆಜ್ಜೆ ಮೂಡಲೆಂದು. ಮನೆಗೆ ಹೋಗಿ ಕೇಳಿದಾಗ, ಯಾಕೆ ಎಂದು ಅಕ್ಕ ಕೇಳಿದಳು. ಹೇಳಿದೆ. ಅವಳು ಎದ್ದು, ಒಲೆಯ ಕುಳ್ಳಿನ ಬೂದಿಯನ್ನು ತಾನೇ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಎರಡೆರಡು ಸಲ ಸೋಸಿ ಬುಟ್ಟಿ ತುಂಬಿಸಿ ಕೊಟ್ಟಳು. ಮೂರು ದಿನದಲ್ಲಿ ಅವಳು ಮಾಡಿದ ಮೊದಲ ಕೆಲಸ ಅದು ಎಂದು ಅವಳ ಸೊಸೆ ನನ್ನ ಕಿವಿಯಲ್ಲಿ ಹೇಳಿದಳು.

ಸೋಮವಾರ ಸೂರ್ಯ ಹುಟ್ಟುವ ಹೊತ್ತಿಗೆ ನಾವು ಅಲ್ಲಿದ್ದೆವು. ಉಪ್ಪಿನ ಗುಡ್ಡೆ ತಳದ ತನಕ ಬಗೆದು ಹೋಗಿತ್ತು. ಬರಿ ಮಣ್ಣಿನ ಗುಡ್ಡೆಗೆ ಯಾರೋ ಮೂಗು ಒತ್ತಿ ಬಿಟ್ಟ ಒಂದೇ ಗುರುತು. ಬೂದಿಯ ಮೇಲೆ ಮುಂಗಾಲಿನ ಗಿಡ್ಡ ಹೆಜ್ಜೆ, ಹಿಂಗಾಲಿನ ಉದ್ದನೆಯ ಹೆಜ್ಜೆ, ಅದು ಅಂಬೆಗಾಲು ಬಿಟ್ಟು ಈಗಷ್ಟೇ ನಡೆಯಲು ಕಲಿತ ಕೂಸಿನ ಪಾದದ ಹಾಗಿತ್ತು. ಹೆಜ್ಜೆಗಳ ಹಿಂದೆ ಕಸಬರಿಗೆ ಎಳೆದಂಥ ಗೀರುಗಳು. ಭಾವನ ದಿಬ್ಬದ ಬಳಿ, ತೂತಿನ ಅಂಚಿಗೆ, ಕಪ್ಪು ಬಿಳಿ ಪಟ್ಟೆಯ ಒಂದು ಮುಳ್ಳು ಬಿದ್ದಿತ್ತು. ತೂತು ನಿನ್ನೆಯಷ್ಟೇ ಆಳ. ಅಗಲ ಮಾತ್ರ ಉಪ್ಪು ಹರಡಿದ ಕಡೆಗೆ ಹೆಚ್ಚಾಗಿತ್ತು.

"ನಿಮ್ಮ ಬಿಜ್ಜು ಲೇಖನಿ ಬಿಟ್ಟು ಹೋಗೈತಿ," ಎಂದು ಅವನು ಮುಳ್ಳನ್ನು ನನ್ನ ಕೈಗೆ ಕೊಟ್ಟ. "ತಗೋರಿ, ತಪ್ಪೊಪ್ಪಿಗಿ ಬರೀರಿ."

ಒಂದು ರಾತ್ರಿಯ ಪರೀಕ್ಷೆ ಸಾಲದು, ಇನ್ನೂ ನಾಲ್ಕು ಸಲ ಮಾಡಿ ನೋಡಬೇಕು ಎಂದು ಇಂದಿಗೂ ನನ್ನ ಮನಸ್ಸಿನ ಒಂದು ಮೂಲೆ ಹೇಳುತ್ತದೆ. ಆದರೆ ಮರುದಿನ ಮಂಗಳವಾರ. ನಾನು ಮುಳ್ಳನ್ನು ಅಲ್ಲಿಯೇ ಇರಿಸಿ ಮನೆಗೆ ಹೋಗಿ ಅಕ್ಕನಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಮುಳ್ಳುಹಂದಿ, ಹುಲ್ಲು ಗಡ್ಡೆ ತಿನ್ನುವ ಪ್ರಾಣಿ, ಉಪ್ಪಿಗಾಗಿ ಬಂದಿದೆ, ಅದಕ್ಕಿಂತ ಕೆಳಗೆ ಒಂದು ಬೆರಳೂ ಹೋಗಿಲ್ಲ. ಉಪ್ಪು ಮೇಲೆ ಹೇಗೆ ಬಂತು ಎಂಬುದನ್ನು ಹೇಳಲಿಲ್ಲ. ಅವಳು ಕೇಳಿ ಮುಗಿಸಿ, ಸೆರಗು ಸರಿಪಡಿಸಿಕೊಂಡು, ಚಪ್ಪಲಿ ಮೆಟ್ಟಿದಳು.

ನಮ್ಮ ಕಡೆ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ರೂಢಿ ಕಡಿಮೆ. ಗಂಡನನ್ನು ಕಳೆದುಕೊಂಡು ಹದಿನೈದು ದಿನವಾಗಿರದ ಹೆಣ್ಣು ಹೋಗುವುದಂತೂ ಇಲ್ಲವೇ ಇಲ್ಲ. ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಮಗ ಅಡ್ಡ ಬಂದಾಗ, ನಾನೇನು ಉಳಿಯಾಕ ಹೊಂಟೇನೇನು, ನೋಡಿ ಬರ್ತೇನಿ ಎಂದು ಅವನನ್ನೂ ಜೊತೆಗೆ ಕರೆದುಕೊಂಡಳು.

ಅಲ್ಲಿ ಅವಳು ಮೊದಲು ಹೆಜ್ಜೆಗಳನ್ನು ನೋಡಿದಳು, ಬಹಳ ಹೊತ್ತು. ತಾನು ಸೋಸಿದ ಬೂದಿ ಎಷ್ಟು ಚೆನ್ನಾಗಿ ಅಚ್ಚು ಹಿಡಿದಿದೆ ಎಂಬ ಸಮಾಧಾನವೂ ಆ ಮುಖದಲ್ಲಿ ಇತ್ತೆಂದು ನನಗೆ ಅನಿಸಿತು. ಆಮೇಲೆ ದಿಬ್ಬದ ಬಳಿ ಮೊಣಕಾಲೂರಿ, ಬಳೆಯಿಲ್ಲದ ಕೈಯನ್ನು ತೂತಿನೊಳಗೆ ಮೊಣಕೈ ಮುಳುಗುವ ತನಕ ಇಳಿಸಿದಳು. ತಳವನ್ನು ಅಂಗೈಯಿಂದ ತಟ್ಟಿದಳು; ಗಟ್ಟಿ ಮಣ್ಣಿನ ಸದ್ದು ನಮಗೂ ಕೇಳಿಸಿತು. ಕೈ ಹೊರತೆಗೆದು, ನಾವು ಬೇಡ ಎನ್ನುವುದರೊಳಗೆ, ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು.

"ಉಪ್ಪು," ಎಂದಳು. "ಮುಟ್ಟಿಲ್ಲ," ಎಂದಳು. ಆಮೇಲೆ ಕೈಯ ಮಣ್ಣು ಕೊಡವಿಕೊಂಡು, "ಇಷ್ಟು ಮ್ಯಾಲ ಯಾರು ಹಾಕಿದ್ರಿದನ್ನ?"

ಗುಂಡಿ ತೆಗೆಯುವವನು ಬೇವಿನ ಮರದ ತುದಿಯನ್ನು ನೋಡತೊಡಗಿದ. ಆ ಸೌಜನ್ಯವನ್ನು ನಾನು ಅವನಿಂದ ನಿರೀಕ್ಷಿಸಿರಲಿಲ್ಲ.

"ನಾ ಹಾಕಿಸಿದ್ದಕ್ಕಾ. ಉಪ್ಪಿದ್ದಲ್ಲಿ ಪ್ರಾಣಿ ಬರೂದಿಲ್ಲಂತ."

"ಯಾರು ಹೇಳಿದ್ರು ನಿನಗ?"

"ಅಪ್ಪಾ ಹೇಳ್ತಿದ್ದ."

ಅವಳು ನನ್ನ ಮುಖವನ್ನು ನೋಡಿದಳು. ಮೊದಲು ಹೆಗಲು ಅಲುಗಿತು, ಅಳುತ್ತಾಳೆ ಎಂದುಕೊಂಡೆ. ನಗುತ್ತಿದ್ದಳು. "ಅಪ್ಪ ಇರೂತನಕ ಅವನ ಒಂದು ಮಾತರೆ ಕೇಳೀಯೇನು ನೀ? ಸತ್ತ ನಲವತ್ತು ವರ್ಷಕ್ಕ ಕೇಳಾಕ ಹೋದಿ, ಅದೂ ನನ್ನ ಗಂಡನ ಮಣ್ಣಿನ ಮ್ಯಾಲ." ಗುಂಡಿ ತೆಗೆಯುವವನು ಬೇವಿನ ತುದಿಯನ್ನು ಬಿಟ್ಟು ಜೋರಾಗಿ ನಕ್ಕ. ಅಳಿಯನೂ ನಕ್ಕ. ನಾನೂ ನಕ್ಕೆನೆಂದು ಅವರು ಹೇಳುತ್ತಾರೆ, ನನಗೆ ನೆನಪಿಲ್ಲ.

ಏಳುವಾಗ ಅವಳು ಕಂಟಿಯ ಕಡೆ ಕೈ ತೋರಿಸಿ, ಆ ಪ್ರಾಣಿ ಅಲ್ಲಿಯೇ ಇರುತ್ತದೆಯೇ ಎಂದು ಕೇಳಿದಳು. ಹೌದು ಎಂದೆ. ಅದರೊಳಗೆ ಮತ್ತೇನೇನು ಇವೆ ಎಂದು ಕೇಳಿದಳು. ನಾನು ಹೇಳತೊಡಗಿದೆ, ಬಾರಿ, ಕವಳಿ, ಕೌಜುಗ, ಜೇನು, ಪೊಟರೆಯ ಹಾಲಕ್ಕಿ. ಅರ್ಧಕ್ಕೇ ತಡೆದು, ಸಾಕು, ನೀ ಹೊತ್ತು ಮುಣಗಿಸ್ತಿ ಎಂದಳು. ಮಗನ ಕಡೆ ತಿರುಗಿ, ಆ ಯಂತ್ರದವನಿಗೆ ಬರಬೇಡ ಅಂತ ಹೇಳು, ಅಷ್ಟು ಮಂದಿಯ ಮನೆ ಕೀಳಿಸಿ ನಿಮ್ಮಪ್ಪನಿಗೆ ಏನು ಆಗಬೇಕಾಗಿದೆ ಎಂದು ಕೇಳಿದಳು. ಅವನು ಅಲ್ಲಿಯೇ ನಿಂತು ಫೋನು ಮಾಡಿದ. ಮನೆಗೆ ಮರಳಿ, ಸ್ನಾನ ಮಾಡಿ, ಅವಳು ತಾನಾಗಿ ಅಡುಗೆಮನೆಗೆ ಹೋಗಿ ಕುಳಿತು ಎರಡು ಬಿಸಿ ರೊಟ್ಟಿ, ಬದನೆಕಾಯಿಯ ಪಲ್ಯ, ಮೇಲೆ ಅಗಸಿಚಟ್ನಿ ಹಾಕಿಸಿಕೊಂಡು ಉಂಡಳು. ನಾವು ಯಾರೂ ನೋಡದವರ ಹಾಗೆ ನೋಡುತ್ತ ನಿಂತೆವು.

ದಿಬ್ಬದ ಮೇಲ್ಪದರದ ಉಪ್ಪನ್ನು ಅಂದೇ ಸಂಜೆ ಎತ್ತಿ ತೆಗೆದೆವು. ಮನೆಗೆ ಒಯ್ಯುವಂತಿರಲಿಲ್ಲ. ಕಂಟಿಯ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಗುಂಡಿ ತೆಗೆಯುವವನು ಎಲ್ಲವನ್ನೂ ಅದರ ಮೇಲೆ ಸುರಿದ. ಅಂದಿನಿಂದ ಆ ಊರಿನಲ್ಲಿ ಯಾರು ತೀರಿಕೊಂಡರೂ ಹೆಚ್ಚಾದ ಉಪ್ಪು ಆ ಕಲ್ಲಿಗೆ ಹೋಗುತ್ತದೆ. ದಿಬ್ಬಗಳನ್ನು ಮತ್ತೆ ಯಾರೂ ತೋಡಿಲ್ಲ. ಕಂಟಿ ಹಾಗೆಯೇ ಇದೆ. ನನ್ನ ಪಟ್ಟಿಗೆ ಕಳೆದ ಮಳೆಗಾಲದಲ್ಲಿ ಅಲ್ಲಿಂದಲೇ ಎರಡು ಹೊಸ ಹುಲ್ಲುಗಳು ಸೇರಿದವು. ಒಂದರ ಹೆಸರು ಇನ್ನೂ ಸಿಕ್ಕಿಲ್ಲ.

ಈ ಸಲ ಹೋದಾಗ ನಾನು ಅಡುಗೆಮನೆಯಲ್ಲಿ ಉಣ್ಣುತ್ತಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ, ಉಪ್ಪನ್ನು ಕಲ್ಲಿನ ಮೇಲೆ ಯಾಕೆ ಹಾಕುತ್ತಾರೆ ಎಂದು ಅಕ್ಕನನ್ನು ಕೇಳಿದಳು. ಅಕ್ಕ ಕಣ್ಣು ಕೂಡ ಮಿಟುಕಿಸದೆ, ಅದು ತನ್ನ ಗಂಡನ ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ, ಅಡವಿಯ ಜೀವಗಳಿಗೂ ಒಂದು ಪಾಲು ಕೊಡಬೇಕೆಂದು ಹಿರಿಯರು ಮಾಡಿದ್ದು ಎಂದಳು. ನಾನು ರೊಟ್ಟಿ ಕೆಳಗಿಟ್ಟು ಬಾಯಿ ತೆರೆದೆ. ಅಕ್ಕ ಹುಬ್ಬಿನಲ್ಲಿಯೇ ತಡೆದಳು. ಆ ಹುಡುಗಿ ಹೋದ ಮೇಲೆ, ಇಂಥ ಸುಳ್ಳನ್ನು ಹೀಗೆ ಹುಟ್ಟಿಸಬಹುದೇ, ಮೂರು ವರ್ಷದ ಸಂಗತಿಗೆ ಭಾವನ ಅಜ್ಜನನ್ನು ಸಾಕ್ಷಿ ಕರೆಯಬಹುದೇ ಎಂದು ನಾನು ವಾದಕ್ಕೆ ಇಳಿದೆ.

"ಮತ್ತೇನು, ನಮ್ಮ ತಮ್ಮ ಉಪ್ಪು ಸುರುವಿ ಮುಳ್ಳಹಂದಿನ್ನ ಕರದ ಅಂತ ಓಣಿ ಸೊಸ್ತೇರಿಗೆಲ್ಲಾ ಹೇಳ್ಲೇನು?"

"ಖರೇ ಅದ ಅಲ್ಲೇನು?"

"ಖರೇ ಬೇಕಾದ್ರ ನೀ ಬರಕೋ. ನನ್ನ ಮುಂದ ನಿನ್ನ ಹೆಸರು ಕೆಡಸಾಕ ನಾ ಯಾರಿಗೂ ಬಿಡೂದಿಲ್ಲ, ನಿನಗೂ ಬಿಡೂದಿಲ್ಲ."

ಅವಳು ಒಲೆಯ ಮೇಲಿನ ಹಂಚಿನಿಂದ ಇನ್ನೊಂದು ರೊಟ್ಟಿ ತೆಗೆದು, ಬೇಕೇ ಎಂದು ಕೇಳದೆ, ನನ್ನ ತಾಟಿಗೆ ಹಾಕಿದಳು.